ಕಾಮಿಕ್ಸ್‌ನಲ್ಲಿ ಇಷ್ಟೊಂದು ರಿಸರ್ಚ್ ತೋರಿಸಬೇಕಾ?

ಕಾಮಿಕ್ಸ್ ಬಗ್ಗೆ ಮಾತು ಬಂದಾಗೆಲ್ಲ ಯಾರಾದರೂ ಇದನ್ನು ಕೇಳಿಯೇ ಕೇಳುತ್ತಾರೆ: "ಓದಿಕೊಂಡಿದ್ದನ್ನೆಲ್ಲ ತಂದು ಕಥೆಯೊಳಗೆ ತುರುಕುತ್ತಾರಲ್ಲ, ಇದು ಸುಮ್ನೆ ಪಾಂಡಿತ್ಯ ಪ್ರದರ್ಶನ ಅಲ್ವಾ?"

ಕೆಲವು ಸಲ ಹೌದು. ಆದರೆ ಚಿತ್ರ ಬರೆಯುವವರ ಕಷ್ಟವೇ ಬೇರೆ. ಕಾದಂಬರಿ ಬರೆಯುವವರು "ಶಾಂಘೈನ ಒಂದು ಬೀದಿ" ಅಂದು ಮುಂದೆ ಹೋಗಬಹುದು, ಚಿತ್ರ ಬರೆಯುವವರು ಮಾತ್ರ ಆ ಬೀದಿಯ ಬಾಗಿಲು, ದೀಪ, ಅಂಗಡಿ ಬೋರ್ಡು ಎಲ್ಲವನ್ನೂ ಬರೆಯಲೇಬೇಕು. ಗೊತ್ತಿಲ್ಲದಿದ್ದರೆ ಊಹಿಸುತ್ತಾರೆ. ಊಹೆ ದಾರಿ ತಪ್ಪಿಸುತ್ತದೆ. ಟಿನ್‌ಟಿನ್ ಕಾಮಿಕ್ಸ್ ಬರೆದು ಚಿತ್ರಿಸಿದ ಬೆಲ್ಜಿಯಂನ ಎರ್ಜೆ, ಆ ಸರಣಿಯ ಮೊದಲ ಕಥೆಯಲ್ಲಿ ಚೀನೀಯರನ್ನು ಜಡೆ ಬಿಟ್ಟ ಕ್ರೂರಿಗಳನ್ನಾಗಿ ಬರೆದಿದ್ದರು. 1934ರಲ್ಲಿ ಬ್ರಸೆಲ್ಸ್‌ನಲ್ಲಿ ಕಲೆ ಕಲಿಯುತ್ತಿದ್ದ ಚೀನಾದ ಜಾಂಗ್ ಚೋಂಗ್‌ರೆನ್ ಅವರ ಪರಿಚಯವಾಯಿತು, ಆಮೇಲೆ ಬಂದ, ಚೀನಾದಲ್ಲೇ ನಡೆಯುವ ಟಿನ್‌ಟಿನ್ ಕಥೆ 'ದಿ ಬ್ಲೂ ಲೋಟಸ್' ನೋಡಿದರೆ ಇದು ಅದೇ ಕೈಯಾ ಅನ್ನಿಸುತ್ತದೆ. ಅದರ ಗೋಡೆಗಳ ಮೇಲೆ ಚೀನೀ ಅಕ್ಷರಗಳಿವೆ, ಜಾಂಗ್ ನೆರವಿನಿಂದ ಬಂದವು. ಬೆಲ್ಜಿಯಂನ ಮಕ್ಕಳಿಗೆ ಅವು ಬರೀ ಗೀಟು. ಓದಬಲ್ಲವರಿಗೆ "ಸಾಮ್ರಾಜ್ಯಶಾಹಿಗೆ ಧಿಕ್ಕಾರ", "ಜಪಾನಿನ ಸರಕು ಕೊಳ್ಳಬೇಡಿ". ಕಥೆಯಲ್ಲಿ ಯಾರೂ ನಿಂತು ಅದನ್ನು ವಿವರಿಸುವುದಿಲ್ಲ. ನನಗೆ ಜಾಸ್ತಿ ಇಷ್ಟವಾಗುವುದು ಇದೇ.

ಅದೇ ಎರ್ಜೆ 1953ರ 'ಡೆಸ್ಟಿನೇಶನ್ ಮೂನ್'ನಲ್ಲಿ ಅಣು ರಿಯಾಕ್ಟರ್ ಹೇಗೆ ಕೆಲಸ ಮಾಡುತ್ತದೆ ಅಂತ ಪಾತ್ರಗಳ ಬಾಯಲ್ಲಿ ಪಾಠ ಹೇಳಿಸುತ್ತಾರೆ. ಯುರೇನಿಯಂ, ಪ್ಲುಟೋನಿಯಂ ಅಂತ ಮಾತಿನ ಗುಳ್ಳೆಗಳು ಉಬ್ಬಿ ಉಬ್ಬಿ ಚಿತ್ರಕ್ಕೇ ಜಾಗ ಸಾಲದ ಹಾಗಾಗುತ್ತದೆ. ಅಲ್ಲಿ ಕಥೆ ನಿಂತೇ ಹೋಗುತ್ತದೆ. ಕಥೆಯಲ್ಲಿ ಚಂದ್ರನಿಗೆ ಹೋಗುವ ರಾಕೆಟ್ಟಿನ ಚಿತ್ರ ತಪ್ಪಿಲ್ಲದೆ ಬರಲಿ ಅಂತ ಅವರು ಅದರ ಮಾದರಿಯನ್ನೇ ಮಾಡಿಸಿಟ್ಟುಕೊಂಡಿದ್ದರು, ಆ ಶ್ರಮ ಚಿತ್ರದಲ್ಲಿ ತಾನಾಗಿಯೇ ಕಾಣುತ್ತದೆ, ಹೇಳುವ ಅಗತ್ಯವೇ ಇರಲಿಲ್ಲ.

ಹಾಗಾದರೆ ಪಾತ್ರಗಳು ಉದ್ದುದ್ದ ಮಾತಾಡಲೇಬಾರದಾ? ಮಾತಾಡಬಹುದು. ಅಲನ್ ಮೂರ್ ಬರೆದು ಎಡ್ಡಿ ಕ್ಯಾಂಬೆಲ್ ಚಿತ್ರಿಸಿದ 'ಫ್ರಮ್ ಹೆಲ್' ಲಂಡನ್ನಿನ ಜಾಕ್ ದ ರಿಪ್ಪರ್ ಕೊಲೆಗಳ ಕಥೆ, ಅದರ 4ನೇ ಅಧ್ಯಾಯ ಪೂರ್ತಿ ಒಂದು ಕುದುರೆಗಾಡಿ ಸವಾರಿ. ಡಾಕ್ಟರ್ ಗಲ್ ಲಂಡನ್ನಿನ ಚರ್ಚುಗಳು, ಹಳೇ ದೇವರುಗಳು, ಕಟ್ಟಡಗಳ ಗುಟ್ಟು ಅಂತ ಹೇಳುತ್ತಲೇ ಹೋಗುತ್ತಾನೆ, ಗಾಡಿಯವನು ಪಾಪ ಕೇಳುತ್ತಲೇ ಇರುತ್ತಾನೆ, ಕೊನೆಗೆ ಹೆದರಿ ವಾಂತಿ ಮಾಡಿಕೊಳ್ಳುತ್ತಾನೆ. ಇಲ್ಲಿ ಪಾಂಡಿತ್ಯ ಮೆರೆಸುವ ಈ ಗಲ್ಲೇ ಕಥೆಯ ಕೊಲೆಗಾರ. ಅವನ ತಲೆ ಹೇಗೆ ಕೆಟ್ಟಿದೆ ಅನ್ನುವುದು ಆ ಮಾತಿನಿಂದಲೇ ಗೊತ್ತಾಗುತ್ತದೆ. ಮೂರ್ ತಾನು ಓದಿದ್ದೇನು, ಕಟ್ಟಿದ್ದೇನು ಅನ್ನುವುದನ್ನು ಪುಸ್ತಕದ ಕೊನೆಗೆ ಟಿಪ್ಪಣಿಗಳಲ್ಲಿ ಬಿಚ್ಚಿಟ್ಟಿದ್ದಾರೆ. ಕಥೆ ಮುಗಿಸಿದ ಮೇಲೆ ಅವನ್ನೂ ಬಿಡದೆ ಓದಿ.