ಎರಡು ಜಾಗ ತುಂಬುವ ಹೊಸ ಹುಡುಗ

ಕುಂಬಳೆಯಿಂದ ಬದಿಯಡ್ಕದವರೆಗಿನ ನಮ್ಮ ಸೀಮೆಯಲ್ಲಿ ಫುಟ್‌ಬಾಲ್ ಎಂದರೆ ಕಾಲಿನ ಆಟ. ಕೊಯ್ಲು ಮುಗಿದ ಗದ್ದೆಯಲ್ಲಿ ಏಳೇಳು ಮಂದಿ ಆಡುವ ಸೆವೆನ್ಸ್. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಅಮೆರಿಕದ ಆಟವನ್ನೂ ಅದೇ ಹೆಸರಿನಿಂದ ಕರೆಯುತ್ತಾರೆ ಎಂದರೆ ಇಲ್ಲಿನ ಹುಡುಗರು ನಗುತ್ತಾರೆ. ನಾನೂ ನಕ್ಕವನೇ. ಆದರೆ ತಮ್ಮನ ಮಗ ಇಂಡಿಯಾನಾಪೊಲಿಸ್‌ನಲ್ಲಿ ಉದ್ಯೋಗಕ್ಕೆ ಸೇರಿ, ಅಲ್ಲಿನ ಕೋಲ್ಟ್ಸ್ ತಂಡದ ಅಭಿಮಾನಿಯಾಗಿ, ಪ್ರತಿ ಭಾನುವಾರ ಫೋನಿನಲ್ಲಿ ನನಗೆ ಆಟದ ಪಾಠ ಹೇಳತೊಡಗಿದ ಮೇಲೆ ಆ ಹುಚ್ಚು ನನಗೂ ಹಿಡಿಯಿತು. ಅಲ್ಲಿ ಮಧ್ಯಾಹ್ನ ಒಂದು ಗಂಟೆಯ ಆಟ ಇಲ್ಲಿ ರಾತ್ರಿ 10:30ಕ್ಕೆ ಆರಂಭವಾಗುತ್ತದೆ; ನವೆಂಬರಿನಲ್ಲಿ ಅವರು ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದ ಮೇಲೆ 11:30ಕ್ಕೆ. ಮನೆಯವರೆಲ್ಲ ಮಲಗಿದ ಬಳಿಕ ಸದ್ದು ತಗ್ಗಿಸಿ ನೋಡುವವನು ನಾನೊಬ್ಬನೇ.

2025ರ ಏಪ್ರಿಲ್‌ನಲ್ಲಿ ನಡೆದ, ತಂಡಗಳು ಸರದಿಯಂತೆ ಕಾಲೇಜಿನ ಹೊಸಬರನ್ನು ಆರಿಸಿಕೊಳ್ಳುವ ಆಟಗಾರರ ಆಯ್ಕೆಯಲ್ಲಿ ಕೋಲ್ಟ್ಸ್ ತಂಡವು ಹದಿನಾಲ್ಕನೆಯ ಸರದಿಯಲ್ಲಿ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಟೈಲರ್ ವಾರೆನ್ ಎಂಬ ಟೈಟ್ ಎಂಡ್ ಆಟಗಾರನನ್ನು ಆರಿಸಿಕೊಂಡಿತು. ಅಂದಿನಿಂದ ನನ್ನ ತಮ್ಮನ ಮಗನದು ಒಂದೇ ಪ್ರಶ್ನೆ: "ದೊಡ್ಡಪ್ಪ, ನೀವು ಇಷ್ಟು ವರ್ಷ ಕಬಡ್ಡಿ ತಂಡ ಕಟ್ಟಿದವರು. ಎಲ್ಲ ಕೆಲಸವೂ ಬರುವ ಹೊಸಬನೊಬ್ಬ ಸಿಕ್ಕಿದ್ದರೆ ನೀವು ಅವನನ್ನು ಎಲ್ಲಿ ನಿಲ್ಲಿಸುತ್ತಿದ್ದಿರಿ?" 2025ರ ಈ ಆಟಿ ತಿಂಗಳ ಮಳೆಯಲ್ಲಿ ತೋಟದ ಕೆಲಸವೂ ನಿಂತಿರುವುದರಿಂದ ಅವನಿಗೆ ಕೊಡಬೇಕಾದ ಉತ್ತರವನ್ನು ಇಲ್ಲಿಯೇ ಬರೆಯುತ್ತಿದ್ದೇನೆ.

ಆಟ ತಿಳಿಯದವರಿಗೆ ಒಂದಿಷ್ಟು ಹೇಳಲೇಬೇಕು. ಒಂದು ಕಡೆಗೆ ಹನ್ನೊಂದು ಮಂದಿ. ಚೆಂಡು ಹೊಂದಿರುವ ತಂಡದ ಕನಿಷ್ಠ ಏಳು ಮಂದಿ ಚೆಂಡಿಟ್ಟ ಗೆರೆಯ ಮೇಲೆ ಸಾಲಾಗಿ ನಿಲ್ಲಬೇಕು. ಆ ಸಾಲಿನ ನಡುವಿನ ಐದು ದೈತ್ಯರು ಎದುರಾಳಿಗಳನ್ನು ತಡೆಯಬಹುದೇ ಹೊರತು ಮುಂದಕ್ಕೆ ಎಸೆದ ಚೆಂಡನ್ನು ಹಿಡಿಯುವ ಹಕ್ಕು ಸಾಮಾನ್ಯವಾಗಿ ಅವರಿಗಿಲ್ಲ. ಸಾಲಿನ ಎರಡು ತುದಿಗಳಲ್ಲಿ ನಿಂತವರಿಗೆ ಉಂಟು. ತುದಿಯವನು ದೂರದ ಅಂಚಿಗೆ ಸರಿಯದೆ ಆ ದೈತ್ಯರ ಪಕ್ಕಕ್ಕೇ ಅಂಟಿಕೊಂಡು ನಿಂತರೆ ಅವನೇ ಟೈಟ್ ಎಂಡ್. ತಡೆಯುವವರ ಲೆಕ್ಕದಲ್ಲಿಯೂ ಹಿಡಿಯುವವರ ಲೆಕ್ಕದಲ್ಲಿಯೂ ಅವನ ಹೆಸರಿದೆ. ಹೀಗಾಗಿ ಹೊಸಬನಾಗಿ ಬಂದ ಟೈಟ್ ಎಂಡ್ ಎರಡು ಪುಸ್ತಕಗಳನ್ನು ಒಟ್ಟಿಗೆ ಬಾಯಿಪಾಠ ಮಾಡಬೇಕಾಗುತ್ತದೆ: ಓಟಗಾರನಿಗೆ ದಾರಿ ಬಿಡಿಸಲು ಯಾರನ್ನು ಯಾವ ಭುಜದಿಂದ ತಳ್ಳಬೇಕೆಂಬುದು ಒಂದು, ಚೆಂಡು ಪಡೆಯಲು ಎಷ್ಟು ಗಜ ಓಡಿ ಯಾವ ಕಡೆಗೆ ತಿರುಗಬೇಕೆಂಬುದು ಇನ್ನೊಂದು.

ವಾರೆನ್‌ನ ವಿಷಯದಲ್ಲಿ ಪುಸ್ತಕಗಳು ಎರಡಕ್ಕೇ ನಿಲ್ಲುವುದಿಲ್ಲ. ಪ್ರೌಢಶಾಲೆಯಲ್ಲಿ ಅವನು ಕ್ವಾರ್ಟರ್‌ಬ್ಯಾಕ್ ಆಗಿದ್ದವನು, ಎಂದರೆ ಚೆಂಡು ಎಸೆಯುವವನು. 2024ರಲ್ಲಿ ಪೆನ್ ಸ್ಟೇಟ್ ಪರವಾಗಿ 104 ಬಾರಿ ಚೆಂಡು ಹಿಡಿದು 1,233 ಗಜ ಗಳಿಸಿದನು. ಅದಲ್ಲದೆ ಚೆಂಡು ಹೊತ್ತು ಓಡಿ ನಾಲ್ಕು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಅಂಕ ಗಳಿಸುವುದು) ಮಾಡಿದನು, ತಾನೇ ಎಸೆದು ಒಂದು ಟಚ್‌ಡೌನ್ ಮಾಡಿಸಿದನು. ಆ ವರ್ಷದ ಅಕ್ಟೋಬರ್‌ನಲ್ಲಿ ಯುಎಸ್‌ಸಿ ವಿಶ್ವವಿದ್ಯಾಲಯದ ಎದುರು 17 ಬಾರಿ ಚೆಂಡು ಹಿಡಿದ ಪಂದ್ಯದಲ್ಲಿ ಅವನು ಸಾಲಿನ ನಡುವೆ ಸೆಂಟರ್ ಸ್ಥಾನದಲ್ಲಿ ನಿಂತು, ಚೆಂಡನ್ನು ಹಿಂದಕ್ಕೆ ದಾಟಿಸಿ, ತಾನೇ ಮುಂದೆ ಓಡಿಹೋಗಿ, ಅದೇ ಚೆಂಡನ್ನು ಟಚ್‌ಡೌನ್‌ಗೆ ಹಿಡಿದದ್ದನ್ನು ನಾನು ಹತ್ತು ಸಲವಾದರೂ ನೋಡಿರಬಹುದು. ಉಳಿದವರೆಲ್ಲ ಸಾಲಿನಲ್ಲಿ ನಿಂತ ರೀತಿಯಿಂದಾಗಿ ಆ ನಡುವಿನವನೇ ನಿಯಮದ ಪ್ರಕಾರ ತುದಿಯವನಾಗಿದ್ದನು. ಇಂಥ ಹುಡುಗ ಕೈಗೆ ಸಿಕ್ಕಿದ ತರಬೇತುದಾರನಿಗೆ ಎಲ್ಲವನ್ನೂ ಮಾಡಿಸಿ ನೋಡಬೇಕೆಂಬ ಆಸೆ ಹುಟ್ಟದೆ ಇರುವುದು ಕಷ್ಟ.

ಆ ಆಸೆಗೆ ನಾನೊಮ್ಮೆ ಬಿದ್ದಿದ್ದೇನೆ. ಹಲವು ವರ್ಷಗಳ ಹಿಂದೆ ನಮ್ಮ ಊರಿನ ತಂಡಕ್ಕೆ ಹತ್ತೊಂಬತ್ತು ವರ್ಷದ ಹುಡುಗನೊಬ್ಬ ಬಂದನು. ಬಲ ಮೂಲೆಯಲ್ಲಿ ನಿಂತರೆ ರೈಡರ್‌ನ ಪಾದಕ್ಕೆ ಅವನ ಕೈ ಬಿದ್ದ ಮೇಲೆ ಬಿಡುತ್ತಿರಲಿಲ್ಲ. ರೈಡ್‌ಗೆ ಹೋದರೆ ಬೋನಸ್ ಗೆರೆ ಮುಟ್ಟದೆ ಹಿಂದಿರುಗುತ್ತಿರಲಿಲ್ಲ. ನಾನು ಹಿಂದುಮುಂದು ನೋಡದೆ ಎರಡು ಕೆಲಸವನ್ನೂ ಅವನಿಗೇ ಹಚ್ಚಿದೆ. ಲೀಗ್ ಹಂತದ ಪಂದ್ಯಗಳನ್ನು ಸುಲಭವಾಗಿ ಗೆದ್ದೆವು, ಜನ ಚಪ್ಪಾಳೆ ತಟ್ಟಿದರು, ನನ್ನ ಬುದ್ಧಿವಂತಿಕೆಯ ಬಗ್ಗೆ ನನಗೇ ಅಭಿಮಾನ ಬಂದಿತು. ಸೆಮಿಫೈನಲ್‌ನಲ್ಲಿ ಎದುರಾಳಿಗಳು ಮಾಡಿದ್ದು ಒಂದೇ ಕೆಲಸ. ಅವನು ರೈಡ್‌ಗೆ ಬಂದಾಗ ಬೋನಸ್ ಬಿಟ್ಟುಕೊಟ್ಟರೂ ಅಡ್ಡಿಯಿಲ್ಲ ಎಂದು ಕಾದು ನಿಂತು, ಅವನನ್ನು ಹಿಡಿದು ಹೊರಗೆ ಕೂರಿಸಿದರು. ಆಮೇಲೆ ಅವರ ರೈಡರ್ ನೇರವಾಗಿ ಖಾಲಿಯಾದ ನಮ್ಮ ಬಲ ಮೂಲೆಗೇ ಬಂದನು. ನಾವು ಒಂದು ಅಂಕ ಗಳಿಸದೆ ಹುಡುಗ ಒಳಗೆ ಬರುವಂತಿಲ್ಲ. ಹುಡುಗ ಒಳಗಿಲ್ಲದೆ ಅಂಕ ಬರುವಂತಿಲ್ಲ. ಅವನೊಬ್ಬ ಹೊರಗೆ ಹೋದರೆ ಎರಡು ಜಾಗ ಖಾಲಿಯಾಗುತ್ತದೆ ಎಂಬ ಇಷ್ಟು ಸರಳವಾದ ಲೆಕ್ಕ ನನಗೆ ಅಂಕಣದ ಬದಿಯಲ್ಲಿ ನಿಂತು ಸೋಲುವವರೆಗೂ ಹೊಳೆದಿರಲಿಲ್ಲ.

ಟೈಟ್ ಎಂಡ್‌ನ ಕತೆಯೂ ಇದೇ. ಅವನು ಪ್ರತಿ ಸಲವೂ ನೂರಿಪ್ಪತ್ತು ಕಿಲೋ ತೂಕದವನೊಬ್ಬನಿಗೆ ಎದೆಗೊಟ್ಟು, ಮರುಕ್ಷಣವೇ ಮೂವತ್ತು ಗಜ ಓಡಿ, ಹಿಡಿದಾಗಲೆಲ್ಲ ಇಬ್ಬರಿಂದ ಹೊಡೆತ ತಿನ್ನುತ್ತ ಹದಿನೇಳು ಪಂದ್ಯ ಆಡಬೇಕು. ಅವನು ದಣಿದರೆ ಓಟದ ಆಟಕ್ಕೂ ಎಸೆತದ ಆಟಕ್ಕೂ ಒಮ್ಮೆಲೇ ಪೆಟ್ಟು. ಹಾಗಾದರೆ ಬಹುಮುಖ ಪ್ರತಿಭೆಯಿಂದ ಪ್ರಯೋಜನವೇನು ಎಂದರೆ, ಅದರ ನಿಜವಾದ ಬೆಲೆ ಅವನು ಮಾಡುವ ಕೆಲಸಕ್ಕಿಂತ ಅವನು ಮಾಡಬಹುದಾದ ಕೆಲಸದಲ್ಲಿದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆಕ್ರಮಣದ ತಂಡ ಇಬ್ಬರು ಟೈಟ್ ಎಂಡ್‌ಗಳನ್ನು ಅಂಕಣಕ್ಕೆ ಕಳುಹಿಸಿತೆಂದು ಇಟ್ಟುಕೊಳ್ಳಿ. ಎದುರಿನ ತರಬೇತುದಾರ ಈಗ ತೀರ್ಮಾನಿಸಬೇಕು: ಓಟವನ್ನು ತಡೆಯಲು ಸಾಲಿನ ಹಿಂದೆ ನಿಂತು ಕಾಯುವ ಭಾರದ ಲೈನ್‌ಬ್ಯಾಕರ್‌ನನ್ನು ಉಳಿಸಿಕೊಳ್ಳುವುದೋ, ಎಸೆತವನ್ನು ತಡೆಯಲು ಹಗುರ ಮೈಯ ವೇಗದವನನ್ನು ತರುವುದೋ. ಭಾರದವನನ್ನು ಉಳಿಸಿಕೊಂಡರೆ ಟೈಟ್ ಎಂಡ್‌ನನ್ನು ಸಾಲಿನಿಂದ ಹೊರಕ್ಕೆ ಸರಿಸಿ ಚೆಂಡು ಎಸೆಯಬಹುದು, ಹಗುರದವನನ್ನು ತಂದರೆ ಅದೇ ಟೈಟ್ ಎಂಡ್‌ನನ್ನು ಒಳಕ್ಕೆ ಎಳೆದುಕೊಂಡು ಆ ಹಗುರದವನ ಮೇಲೆಯೇ ಓಟ ಹೊಡೆಯಬಹುದು. ಇಲ್ಲಿ ನಿಯಮವೂ ನೆರವಿಗೆ ಬರುತ್ತದೆ. ಆಕ್ರಮಣದ ತಂಡ ಆಳು ಬದಲಿಸಿದರೆ ಎದುರಾಳಿಗೂ ಬದಲಿಸಲು ರೆಫರಿ ಸಮಯ ಕೊಡಬೇಕು. ಬದಲಿಸದಿದ್ದರೆ ಅಂಥ ಬಾಧ್ಯತೆಯಿಲ್ಲ. ಆದುದರಿಂದ ಎರಡೂ ಬಲ್ಲ ಟೈಟ್ ಎಂಡ್ ಇರುವ ತಂಡವು ಅದೇ ಹನ್ನೊಂದು ಮಂದಿಯನ್ನು ಇಟ್ಟುಕೊಂಡು ಈ ಸಲ ಓಟದ ವ್ಯೂಹ, ಮರುಸಲ ಎಸೆತದ ವ್ಯೂಹ ಎಂದು ಬದಲಿಸುತ್ತ ಅವಸರದಲ್ಲಿ ಆಡಿದರೆ, ಎದುರಿನವರು ಒಮ್ಮೆ ಕಳುಹಿಸಿದ ಆಳುಗಳ ಜೊತೆಯಲ್ಲಿಯೇ ಒದ್ದಾಡಬೇಕಾಗುತ್ತದೆ.

ಇದೆಲ್ಲ ನಡೆಯುವುದು ಅವನು ಪ್ರಾಮಾಣಿಕವಾಗಿ ಬ್ಲಾಕ್ ಮಾಡಬಲ್ಲವನಾದರೆ ಮಾತ್ರ. ತಡೆಯಲು ಬಾರದವನನ್ನು ಸಾಲಿನಲ್ಲಿ ಎಲ್ಲಿ ನಿಲ್ಲಿಸಿದರೂ ಎದುರಾಳಿಗೆ ಅನುಮಾನ ಹುಟ್ಟುವುದಿಲ್ಲ; ಅವನು ಟೈಟ್ ಎಂಡ್ ಎಂಬ ಹೆಸರು ಹೊತ್ತ ಎತ್ತರದ ರಿಸೀವರ್, ಎಂದರೆ ಚೆಂಡು ಹಿಡಿಯುವವನು, ಅಷ್ಟೇ. 2021ರಲ್ಲಿ ನಾಲ್ಕನೆಯ ಸರದಿಯಲ್ಲಿಯೇ ಅಟ್ಲಾಂಟಾ ತಂಡಕ್ಕೆ ಆಯ್ಕೆಯಾದ ಕೈಲ್ ಪಿಟ್ಸ್ ಮೊದಲ ವರ್ಷ 1,026 ಗಜ ಗಳಿಸಿದರೂ ಟಚ್‌ಡೌನ್ ಮಾಡಿದ್ದು ಒಂದೇ ಒಂದು. ಅವನನ್ನು ಹೆಚ್ಚಾಗಿ ರಿಸೀವರ್‌ಗಳ ಜಾಗದಲ್ಲಿ ನಿಲ್ಲಿಸಿದ್ದೇ ಇದಕ್ಕೆ ಒಂದು ಕಾರಣವೆಂದು ನನ್ನ ಅಭಿಪ್ರಾಯ. ತಮ್ಮನ ಮಗ ಇದನ್ನು ಒಪ್ಪುವುದಿಲ್ಲ.

ಅಂಕಿಗಳ ಮಾತು ಬಂದದ್ದರಿಂದ ಇನ್ನೊಂದು. ಮೊದಲ ವರ್ಷದ ಟೈಟ್ ಎಂಡ್‌ಗಳ ಗಜಗಳಿಕೆಯಲ್ಲಿ 1961ರ ಮೈಕ್ ಡಿಟ್ಕಾನ 1,076 ಗಜದ ದಾಖಲೆಯು ಅರುವತ್ತು ವರ್ಷಕ್ಕೂ ಮೀರಿ ಉಳಿದಿತ್ತು, ಅದೂ ಹದಿನಾಲ್ಕೇ ಪಂದ್ಯಗಳ ಕಾಲದ್ದು. 2024ರಲ್ಲಿ ಲಾಸ್ ವೇಗಸ್ ರೈಡರ್ಸ್‌ನ ಬ್ರಾಕ್ ಬೋವರ್ಸ್ 112 ಬಾರಿ ಹಿಡಿದು 1,194 ಗಜ ಗಳಿಸಿ ಅದನ್ನು ಮುರಿದನು. ಅದ್ಭುತ ಆಟಗಾರ. ಆದರೆ ಆ ವರ್ಷ ಅವನ ತಂಡ ಗೆದ್ದದ್ದು ಹದಿನೇಳರಲ್ಲಿ ನಾಲ್ಕು ಪಂದ್ಯ. ಅದರ ಹಿಂದಿನ ವರ್ಷ ಡೆಟ್ರಾಯಿಟ್ ಲಯನ್ಸ್‌ನ ಸ್ಯಾಮ್ ಲಪೋರ್ಟಾ ಗಳಿಸಿದ್ದು 889 ಗಜ ಮಾತ್ರ. ಟಚ್‌ಡೌನ್ ಹತ್ತು, ಗೆಲುವು ಹನ್ನೆರಡು, ತಂಡ ಅಂತಿಮ ಪಂದ್ಯವಾದ ಸೂಪರ್ ಬೌಲ್‌ಗೆ ಒಂದು ಮೆಟ್ಟಿಲು ಕೆಳಗಿನವರೆಗೂ ಹೋಯಿತು. ತಂಡದ ಸೋಲುಗೆಲುವನ್ನು ಒಬ್ಬ ಹೊಸಬನ ತಲೆಗೆ ಕಟ್ಟುವುದು ನ್ಯಾಯವಲ್ಲ; ರೈಡರ್ಸ್‌ನಲ್ಲಿ ಬೋವರ್ಸ್‌ಗೆ ಆಸರೆ ಕೊಡುವವರೇ ಇರಲಿಲ್ಲ. ನಾನು ಹೇಳುವುದಿಷ್ಟೇ: ಡೆಟ್ರಾಯಿಟ್‌ನಲ್ಲಿ ಆಕ್ರಮಣದ ಹೊಣೆ ಹೊತ್ತಿದ್ದ ಬೆನ್ ಜಾನ್ಸನ್, ಅಯೋವಾ ವಿಶ್ವವಿದ್ಯಾಲಯದಲ್ಲಿ ತಡೆಯುವ ವಿದ್ಯೆಯನ್ನು ಚೆನ್ನಾಗಿ ಕಲಿತು ಬಂದಿದ್ದ ಲಪೋರ್ಟಾನನ್ನು ಓಟದ ಆಟದ ಮರೆಯಲ್ಲಿ ಬಳಸಿದನು. ಓಟಗಾರನಿಗೆ ಚೆಂಡು ಕೊಟ್ಟಂತೆ ನಟಿಸಿದಾಗ ಲೈನ್‌ಬ್ಯಾಕರ್‌ಗಳು ಎರಡು ಹೆಜ್ಜೆ ಮುಂದೆ ಬರುತ್ತಾರೆ. ಅವರ ಬೆನ್ನ ಹಿಂದೆ ತೆರೆದುಕೊಂಡ ಜಾಗಕ್ಕೆ, ಅಷ್ಟು ಹೊತ್ತು ತಡೆಯುತ್ತಿದ್ದಂತೆ ಕಂಡ ಹುಡುಗ ನುಸುಳುತ್ತಾನೆ.

ಕೆಲಸದ ಹಂಚಿಕೆಗೆ ಅತ್ಯುತ್ತಮ ಉದಾಹರಣೆ 2010ರ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್. ಒಂದೇ ವರ್ಷ ಇಬ್ಬರು ಹೊಸ ಟೈಟ್ ಎಂಡ್‌ಗಳು ಬಂದರು: ಎರಡನೆಯ ಸುತ್ತಿನಲ್ಲಿ ರಾಬ್ ಗ್ರಾಂಕೌಸ್ಕಿ, ನಾಲ್ಕನೆಯ ಸುತ್ತಿನಲ್ಲಿ ಆರನ್ ಹೆರ್ನಾಂಡಿಸ್. ಗ್ರಾಂಕೌಸ್ಕಿ ಸಾಲಿಗೆ ಅಂಟಿಕೊಂಡು ಗೋಡೆಯಂತೆ ನಿಂತನು, ಹೆರ್ನಾಂಡಿಸ್ ಅಲ್ಲಿಲ್ಲಿ ಸರಿದಾಡಿದನು. ಮೊದಲ ವರ್ಷ ಇಬ್ಬರೂ ಐವತ್ತಕ್ಕಿಂತ ಕಡಿಮೆ ಬಾರಿ ಚೆಂಡು ಹಿಡಿದು, ಒಟ್ಟು ಹದಿನಾರು ಟಚ್‌ಡೌನ್ ಮಾಡಿದರು. ತಂಡ ಹದಿನಾರರಲ್ಲಿ ಹದಿನಾಲ್ಕು ಗೆದ್ದಿತು. ಮರುವರ್ಷ ಗ್ರಾಂಕೌಸ್ಕಿ ಒಬ್ಬನೇ ಹದಿನೇಳು ಬಾರಿ ಚೆಂಡು ಹಿಡಿದು ಟಚ್‌ಡೌನ್ ಮಾಡಿದನು. (ಹೆರ್ನಾಂಡಿಸ್‌ನ ಮುಂದಿನ ಬದುಕು ಸೆರೆಮನೆಯಲ್ಲಿ ಮುಗಿದ ದುರಂತ, ಅದು ಈ ಬರಹದ ವಿಷಯವಲ್ಲ.)

ನಮ್ಮ ತೆಂಕುತಿಟ್ಟಿನ ಯಕ್ಷಗಾನ ಮೇಳಗಳಲ್ಲಿಯೂ ಹೊಸ ಹುಡುಗನಿಗೆ ಮೊದಲು ಕೋಡಂಗಿ, ಬಾಲಗೋಪಾಲ. ಪುಂಡುವೇಷದ ಗೆಜ್ಜೆ ಆಮೇಲೆ. ಹುಡುಗನಿಗೆ ಬಾರದು ಎಂದಲ್ಲ, ಚೌಕಿಯಿಂದ ರಂಗಸ್ಥಳದ ವರೆಗಿನ ನಡೆ ಮೈಗೆ ಹತ್ತಲಿ ಎಂದು.

ಆದುದರಿಂದ ಮಗುವೇ, ನನ್ನನ್ನು ಕೇಳಿದರೆ ಮೊದಲ ನಾಲ್ಕು ಪಂದ್ಯಗಳಲ್ಲಿ ವಾರೆನ್‌ಗೆ ಎರಡೇ ಜಾಗ ಸಾಕು: ಒಂದು ಸಾಲಿನ ತುದಿ, ಇನ್ನೊಂದು ಅಲ್ಲಿಂದ ನಾಲ್ಕೈದು ಹೆಜ್ಜೆ ಹೊರಗಿನ ಸ್ಲಾಟ್. ಬಹಳ ವರ್ಷಗಳಿಂದ ಅಲ್ಲಿಯೇ ಇರುವ ಮೋ ಆಲಿ-ಕಾಕ್ಸ್ ಭಾರದ ತಡೆಯ ಕೆಲಸ ನೋಡಿಕೊಳ್ಳಲಿ. ಕಾಲೇಜಿನಲ್ಲಿ ಬಾಸ್ಕೆಟ್‌ಬಾಲ್ ಮಾತ್ರ ಆಡಿ ಈ ಆಟಕ್ಕೆ ಬಂದ ಆ ಮನುಷ್ಯನ ಬಗ್ಗೆ ನನಗೆ ಮೊದಲಿನಿಂದಲೂ ಪ್ರೀತಿ. ಜೊನಾಥನ್ ಟೇಲರ್‌ನಂಥ ಓಟಗಾರ ಇರುವಾಗ ಓಟದ ನಟನೆಯನ್ನು ಯಾವ ಎದುರಾಳಿಯೂ ಕಡೆಗಣಿಸಲಾರ. 2025ರ ಆಟಿಯಲ್ಲಿ ಇದನ್ನು ಬರೆಯುವ ಹೊತ್ತಿಗೆ ಕ್ವಾರ್ಟರ್‌ಬ್ಯಾಕ್ ಸ್ಥಾನಕ್ಕೆ ಆಂಥನಿ ರಿಚರ್ಡ್‌ಸನ್, ಡೇನಿಯಲ್ ಜೋನ್ಸ್ ನಡುವೆ ಪೈಪೋಟಿ ಮುಗಿದಿರಲಿಲ್ಲ. ಯಾರೇ ಬಂದರೂ ಆರೇಳು ಗಜ ದೂರದಲ್ಲಿ, ನಡುವಿನಲ್ಲಿ, ಕಣ್ಣಿಗೆ ಬೀಳುವಷ್ಟು ಎತ್ತರದ ಆಳೊಬ್ಬ ತಿರುಗಿ ನಿಂತಿದ್ದರೆ ಧೈರ್ಯ ಬರುತ್ತದೆ. ಚೆಂಡು ಚಲಿಸುವ ಮೊದಲು ಅವನನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ನಡೆಸಬೇಕು. ಎದುರಿನವನೊಬ್ಬ ಅವನ ಹಿಂದೆಯೇ ಬಂದರೆ ಆಳಿಗೊಬ್ಬ ಆಳು ಎಂಬ ಕಾವಲು. ಯಾರೂ ಬಾರದೆ ಇದ್ದಲ್ಲೇ ಒಂದಿಷ್ಟು ಸರಿದರೆ ಜಾಗ ಕಾಯುವ ಕಾವಲು. ಇಷ್ಟು ಗುಟ್ಟು ಹೊರಗೆಡಹಿದ ಮೇಲೆ ಅವನಿಗೆ ಚೆಂಡು ಸಿಗದಿದ್ದರೂ ಅವನ ಕೆಲಸ ಆಯಿತು.

ಹತ್ತು ಗಜ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದರಲ್ಲಿ ಇನ್ನೂ ದೂರ ಬಾಕಿಯಿದ್ದಾಗ ಅವನೊಬ್ಬನನ್ನೇ ಎದುರಾಳಿಯ ಅತ್ಯಂತ ವೇಗದ ದಾಳಿಗಾರನ ಮುಂದೆ ಬಿಡಬಾರದು. ಭುಜದಿಂದ ಒಂದು ಗುದ್ದು ಕೊಟ್ಟು ಮುಂದೆ ಓಡಲಿ, ಉಳಿದದ್ದನ್ನು ಪಕ್ಕದ ಟ್ಯಾಕಲ್, ಎಂದರೆ ಆ ಐವರು ದೈತ್ಯರಲ್ಲಿ ಕೊನೆಯವನು, ನೋಡಿಕೊಳ್ಳುತ್ತಾನೆ. ಇನ್ನು ಅವನೇ ಚೆಂಡು ಹೊತ್ತು ಓಡುವುದು, ಎಸೆಯುವುದು ಮುಂತಾದ ಕಸರತ್ತುಗಳನ್ನು ಅಕ್ಟೋಬರಿನ ನಂತರ, ಗೆರೆಗೆ ಎರಡು ಗಜ ಉಳಿದಾಗ, ತಿಂಗಳಿಗೊಮ್ಮೆ ಮಾಡಿದರೆ ಸಾಕು. ಒಮ್ಮೆ ಮಾಡಿ ತೋರಿಸಿದರೆ ಮುಂದಿನ ಎಂಟು ವಾರ ಪ್ರತಿ ಎದುರಾಳಿಯೂ ಅದಕ್ಕಾಗಿ ಅಭ್ಯಾಸದ ಅರ್ಧ ತಾಸು ಕಳೆಯಬೇಕಾಗುತ್ತದೆ.

2025ರ ಸೆಪ್ಟೆಂಬರ್ 7ರ ರಾತ್ರಿ 10:30ಕ್ಕೆ ಮಯಾಮಿ ಡಾಲ್ಫಿನ್ಸ್ ಎದುರು ಮೊದಲ ಪಂದ್ಯ. ನೀನು ಅಲ್ಲಿ ಕ್ರೀಡಾಂಗಣದಲ್ಲಿರುತ್ತೀಯಲ್ಲ, ಟಿವಿಯವರು ಚೆಂಡಿನ ಹಿಂದೆಯೇ ಕ್ಯಾಮೆರಾ ತಿರುಗಿಸುವುದರಿಂದ ನನಗೆ ಕಾಣದ್ದು ನಿನಗೆ ಕಾಣುತ್ತದೆ. ಟೇಲರ್ ಓಡುವಾಗ ವಾರೆನ್ ಯಾವ ಬದಿಯಲ್ಲಿ ನಿಂತಿದ್ದನು, ಅವನ ಎದುರಿನವನು ಎಷ್ಟು ಹೆಜ್ಜೆ ಹಿಂದೆ ಹೋದನು ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಮರುದಿನ ಫೋನ್ ಮಾಡು.