ದೊಡ್ಡಪ್ಪನ ಲಾಡ್ಜು, ಮೂರು ಸಬ್ ಮೀಟರು

ಜನವರಿ ಮೊದಲ ವಾರ

ಕಾಸರಗೋಡಿನ ಬದಿಯಡ್ಕದಿಂದ ಪೆರ್ಲದ ಕಡೆ ಹೋಗುವ ದಾರಿಯಲ್ಲಿ ದೊಡ್ಡಪ್ಪನದ್ದೊಂದು ಹಳೆ ಲಾಡ್ಜು ಉಂಟು. ಲಾಡ್ಜು ಅಂದರೆ ಒಂದು ಕಟ್ಟಡ ಅಲ್ಲ, ಮೂರು. ಗುಡ್ಡದ ಬುಡದಲ್ಲಿ ಮುರಕಲ್ಲಿನ ಹಂಚಿನ ಮನೆ, ನಾಲ್ಕು ಕೋಣೆ. ರಸ್ತೆ ಬದಿಗೆ ಎರಡು ಮಾಳಿಗೆಯ ತಾರಸಿ ಕಟ್ಟಡ, ಹತ್ತು ಕೋಣೆ. ಕಾಸರಗೋಡು ಬೇರೆ ಜಿಲ್ಲೆಯಾದ 1984ರಲ್ಲೇ ಅದನ್ನು ಕಟ್ಟಿದ್ದು. ಎಲ್ಲಕ್ಕಿಂತ ಕೆಳಗೆ, ಮದುವೆ ದಿಬ್ಬಣದವರಿಗೆಂದು ಆಮೇಲೆ ಸೇರಿಸಿದ ಆರು ಕೋಣೆಗಳ ಸಾಲು. ಮೂರಕ್ಕೂ ಸೇರಿ ಒಂದೇ ಕರೆಂಟು ಬಿಲ್ಲು.

"ಬಿಲ್ಲು ಇಳಿಸಲು ತಾರಸಿ ಮೇಲೆ ಸೋಲಾರ್ ಪ್ಯಾನೆಲ್ ಹಾಕಿ ಬಿಡುವನಾ?" ಅಂತ ದೊಡ್ಡಪ್ಪ ಕೇಳಿದರು. ಕರೆಂಟು ಹೋಗುವುದು ಎಲ್ಲಿಗೆ ಅಂತಲೇ ಗೊತ್ತಿಲ್ಲದೆ ಪ್ಯಾನೆಲ್ ಹಾಕಿದರೆ ತೂತಿನ ಕೊಡಕ್ಕೆ ನೀರು ತುಂಬಿಸಿದ ಹಾಗೆ ಅಲ್ವಾ? ಮೊದಲು ಪ್ರತಿ ಕಟ್ಟಡಕ್ಕೂ, ಅದರ ಕರೆಂಟು ಮಾತ್ರ ಅಳೆಯುವ ಒಂದೊಂದು ಸಬ್ ಮೀಟರು ಹಾಕಿಸಿದೆ. ಲೈಸನ್ಸ್ ಇರುವ ವೈರ್‌ಮ್ಯಾನ್, ಅರ್ಧ ದಿನದ ಕೆಲಸ. ಇಡೀ ಕೆಲಸದಲ್ಲಿ ಇದಕ್ಕಿಂತ ಒಳ್ಳೆ ಖರ್ಚು ನಾನು ಮಾಡಿಲ್ಲ.

ಜನವರಿ, ಸಂಕ್ರಾಂತಿಗೆ ಮೊದಲು

ಧನುರ್ಮಾಸ. ಮದುವೆ ಇಲ್ಲ, ಕೆಳಗಿನ ಸಾಲಿಗೆ ಬೀಗ. ಆದರೂ ರಾತ್ರಿ ಹತ್ತರಿಂದ ಬೆಳಗ್ಗೆ ಐದರೊಳಗೆ ಅಲ್ಲಿನ ಮೀಟರು ಒಂದು ಯೂನಿಟ್ ಓಡಿತ್ತು. ಮರುದಿನವೂ ಅಷ್ಟೇ. ಲೈಟು ಇಲ್ಲ, ಫ್ಯಾನು ಇಲ್ಲ. ದೊಡ್ಡಪ್ಪ "ಮೀಟರೇ ಹಾಳು ಮಾರಾಯ" ಅಂದರು.

ಮೂರನೇ ರಾತ್ರಿ ಬ್ಯಾಟರಿ ಹಿಡಿದು ಅಂಗಳದಲ್ಲಿ ಕೂತೆ. ಎರಡು ಗಂಟೆ ಹೊತ್ತಿಗೆ ಬಾವಿಯ ಪಂಪು ತಾನಾಗಿ ಚಾಲೂ ಆಯಿತು. ಅದರ ಲೈನು ಬಂದಿರುವುದು ಕೆಳಗಿನ ಸಾಲಿನ ಬೋರ್ಡಿನಿಂದ. ಟ್ಯಾಂಕಿಯಲ್ಲಿ ನೀರು ಇಳಿದರೆ ಫ್ಲೋಟ್ ಸ್ವಿಚ್ ಪಂಪು ಹಾಕುತ್ತದೆ. ಒಂದು ಎಚ್‌ಪಿ ಪಂಪು ಒಂದು ಗಂಟೆ ಓಡಿದರೆ ಹೆಚ್ಚುಕಡಿಮೆ ಒಂದು ಯೂನಿಟ್. ಆದರೆ ಎಲ್ಲರೂ ಮಲಗಿರುವಾಗ ನೀರು ಇಳಿಯುವುದು ಹೇಗೆ?

ಅಡುಗೆಮನೆಯಿಂದ ಅರಿಶಿನ ಪುಡಿ ತಂದೆ. ಇಪ್ಪತ್ತು ಫ್ಲಶ್ ಟ್ಯಾಂಕಿಗೂ ಒಂದೊಂದು ಚಮಚ ಕಲಸಿ, ಅರ್ಧ ಗಂಟೆ ಯಾರೂ ಮುಟ್ಟಬಾರದು ಅಂತ ಹೇಳಿದೆ. ಏಳು ಕಡೆ ಕಮೋಡಿನ ಒಳಗೆ ಹಳದಿ ಗೆರೆ ಇಳಿದಿತ್ತು. ರಬ್ಬರ್ ವಾಷರ್ ಸವೆದು ಶಬ್ದವೇ ಇಲ್ಲದೆ ಸೋರುತ್ತಿತ್ತು. ಏಳೂ ವಾಷರಿಗೆ ಆದ ಖರ್ಚು ನಾವಿಬ್ಬರು ಹೋಟೆಲಿನಲ್ಲಿ ಊಟ ಮಾಡಿದಷ್ಟೂ ಇಲ್ಲ. ಆಮೇಲೆ ರಾತ್ರಿಯ ಮೀಟರು ಕದಲಲಿಲ್ಲ.

ಫೆಬ್ರವರಿ

ಗೀಸರ್. ತಾರಸಿ ಕಟ್ಟಡದ ಪ್ರತಿ ಕೋಣೆಗೂ 25 ಲೀಟರಿನದ್ದು ಒಂದೊಂದು. ಲೆಕ್ಕ ಸುಲಭ: ಅಷ್ಟು ನೀರನ್ನು 27 ಡಿಗ್ರಿಯಿಂದ 60ಕ್ಕೆ ಏರಿಸಲು ಸುಮಾರು ಒಂದು ಯೂನಿಟ್ ಬೇಕು, 75ಕ್ಕಾದರೆ 1.4. ನಮ್ಮವೆಲ್ಲ 75ರಲ್ಲಿದ್ದವು. 60ಕ್ಕೆ ಇಳಿಸಿದೆ. ಇನ್ನೂ ಕೆಳಗೆ ಇಳಿಸಲಿಲ್ಲ, ಉಗುರುಬೆಚ್ಚಗೆ ನಿಂತ ನೀರಿನಲ್ಲಿ ರೋಗಾಣು ಬೆಳೆಯುತ್ತದೆ. ಆದರೆ ನಿಜವಾದ ತಲೆನೋವು ಬೇರೆ. ಜನ ರಾತ್ರಿ ಸ್ವಿಚ್ ಹಾಕಿ ಬೆಳಗ್ಗೆವರೆಗೆ ಮರೆಯುತ್ತಾರೆ. ಬೋರ್ಡು ಬರೆದು ಅಂಟಿಸಿದೆ. ಯಾರೂ ಓದುವುದಿಲ್ಲ.

ಮಾರ್ಚ್

ತಾರಸಿ ಮೇಲೆ 500 ಲೀಟರಿನ ಸೋಲಾರ್ ವಾಟರ್ ಹೀಟರು ಕೂತಿತು, ಗಾಜಿನ ಕೊಳವೆಯದ್ದು. ಇಲ್ಲಿ ನಾನೊಂದು ತಪ್ಪು ಮಾಡಿದೆ. ಅತಿಯಾಸೆಯಿಂದ ಅದೇ ನೀರನ್ನು ಹಂಚಿನ ಮನೆಗೂ ಎಳೆಸಿದೆ, 30 ಮೀಟರ್ ಮುಕ್ಕಾಲು ಇಂಚಿನ ಪೈಪು. ಅಷ್ಟುದ್ದದ ಪೈಪಿನ ಹೊಟ್ಟೆಯಲ್ಲೇ ಒಂಬತ್ತು ಲೀಟರ್ ನೀರು ನಿಲ್ಲುತ್ತದೆ, ರಾತ್ರಿ ತಣ್ಣಗಾಗುತ್ತದೆ. ಬೆಳಗ್ಗೆ ನಲ್ಲಿ ತಿರುಗಿಸಿದವರು ಅರ್ಧ ಬಕೆಟ್ ತಣ್ಣೀರು ಚೆಲ್ಲಿ, ಬೈದು, ಆಮೇಲೆ ಸ್ನಾನ ಮಾಡಿದರು. ಎರಡು ವಾರದಲ್ಲಿ ಆ ಪೈಪು ಬಿಚ್ಚಿಸಿದೆ. ಬಿಸಿನೀರು ಹುಟ್ಟಿದ ಕಟ್ಟಡದಲ್ಲೇ ಮುಗಿಯಬೇಕು.

ಹಂಚಿನ ಮನೆಯಲ್ಲಿ ಹಳೆ ಬಚ್ಚಲೊಲೆ, ತಾಮ್ರದ ಹಂಡೆ ಎರಡೂ ಇನ್ನೂ ಉಂಟು. ತೋಟದ ಮಡಲು, ತೆಂಗಿನ ಸಿಪ್ಪೆ, ಅಡಿಕೆ ಸಿಪ್ಪೆಗೆ ದುಡ್ಡು ಕೊಡಬೇಕಾಗಿಲ್ಲ. ಹೊಗೆ ಹೋಗಲು ಹೊಸ ಕೊಳವೆ ಇಡಿಸಿ ಅದನ್ನೇ ಮತ್ತೆ ಹಚ್ಚಿದೆವು. ಬೆಂಗಳೂರಿನಿಂದ ಬಂದವರು ಹಂಡೆಯ ಫೋಟೋ ತೆಗೆದುಕೊಂಡು ಹೋಗುತ್ತಾರೆ, ಬಾಡಿಗೆ ಜಾಸ್ತಿ ಕೇಳಬಹುದಿತ್ತೇನೋ!

ಏಪ್ರಿಲ್

ಹಳೆ ಫ್ಯಾನು 75 ವಾಟ್, ಕಡಿಮೆ ಕರೆಂಟಿನ ಮೋಟರಿರುವ ಹೊಸ ಬಿಎಲ್‌ಡಿಸಿ ಫ್ಯಾನು 30ರ ಆಸುಪಾಸು. ದಿನಕ್ಕೆ ಹತ್ತು ಗಂಟೆ ತಿರುಗಿದರೆ ಅರ್ಧ ಯೂನಿಟ್ಟಿಗೆ ಸ್ವಲ್ಪ ಕಡಿಮೆ ಉಳಿತಾಯ. ಇಪ್ಪತ್ತನ್ನೂ ಬದಲಿಸುವ ಅಂತ ದೊಡ್ಡಪ್ಪ ಹೇಳಿದರು, ನಾನು ಬೇಡ ಅಂದೆ. ಕೆಳಗಿನ ಸಾಲು ತುಂಬುವುದು ಮದುವೆ ಇದ್ದಾಗ ಮಾತ್ರ. ನಿಂತ ಫ್ಯಾನು ಎಷ್ಟು ಹಳತಾದರೂ ಕರೆಂಟು ತಿನ್ನುವುದಿಲ್ಲ. ತಾರಸಿ ಕಟ್ಟಡದ ಹತ್ತನ್ನು ಮಾತ್ರ ಬದಲಿಸಿದೆವು.

ಅದರಲ್ಲೂ ಎರಡು ಫ್ಯಾನು ಗುಂಯ್ ಅನ್ನತೊಡಗಿದವು. ಗೋಡೆಯ ಹಳೆ ರೆಗ್ಯುಲೇಟರ್ ತೆಗೆಯದೆ ಹಾಗೇ ಜೋಡಿಸಿದ್ದರು. ಈ ಫ್ಯಾನಿಗೆ ನೇರ ಲೈನು ಕೊಡಬೇಕು, ವೇಗ ರಿಮೋಟಿನಲ್ಲಿ. ರಿಮೋಟು? ಮೊದಲ ತಿಂಗಳೇ ಮೂರು ಕಳೆದವು. ಈಗ ಮಂಚದ ಕಾಲಿಗೆ ದಾರ ಕಟ್ಟಿ ಇಟ್ಟಿದ್ದೇವೆ.

ಟ್ಯೂಬ್‌ಲೈಟೆಲ್ಲ ಎಲ್‌ಇಡಿ ಆಯಿತು. ಮೇಲಿನ ಮಾಳಿಗೆಯ ಸೆಕೆಗೆ ತಾರಸಿಗೆ ಎರಡು ಕೈ ಸುಣ್ಣ ಬಳಿಸಿದೆ. ಬರಿಗಾಲಲ್ಲಿ ನಡೆದರೆ ವ್ಯತ್ಯಾಸ ಗೊತ್ತಾಗುತ್ತದೆ. ಮಳೆಗಾಲದಲ್ಲಿ ಪಾಚಿ ಕಟ್ಟುತ್ತದೆ, ಮುಂದಿನ ವರ್ಷ ಮತ್ತೆ ಬಳಿಯಬೇಕು.

ಮೇ

ಈ ತಿಂಗಳ ಕೆಲಸ ನನ್ನ ಪಟ್ಟಿಯಲ್ಲೇ ಇರಲಿಲ್ಲ. ಹಂಚಿನ ಮನೆಯ ಹಿಂದೆ ಗುಡ್ಡದಲ್ಲಿ ಅಜ್ಜನ ಕಾಲದ ಸುರಂಗ ಉಂಟು. ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ: ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಒಬ್ಬ ಮನುಷ್ಯ ಹೋಗುವಷ್ಟು ತೋಡುವುದು, ಒಸರುವ ನೀರು ತಾನಾಗಿ ಹೊರಗೆ ಹರಿಯುತ್ತದೆ. ಪಂಪೇ ಬೇಡ. ಬಾವಿಗೆ ಪಂಪು ಬಂದ ಮೇಲೆ ಅದನ್ನು ಎಲ್ಲರೂ ಮರೆತಿದ್ದರು. ಬಾಯಿಗೆ ಮಣ್ಣು ಕುಸಿದಿತ್ತು.

ಸುರಂಗದ ಕೆಲಸ ಗೊತ್ತಿರುವ ಹಿರಿಯರೊಬ್ಬರು ಬಂದು, ಒಳಗೆ ಮೇಣದಬತ್ತಿ ಆರದೆ ಉರಿಯುತ್ತದಾ ಅಂತ ನೋಡಿಕೊಂಡೇ ಮುಂದೆ ಹೋದರು. ಐದು ದಿನ ಹೂಳು ಹೊತ್ತೆವು. ಮೇ ತಿಂಗಳಲ್ಲೂ ಕಿರುಬೆರಳು ದಪ್ಪದ ನೀರು ಬಂತು. ಬಾಯಿ ಹತ್ತಿರ ತೊಟ್ಟಿ ಕಟ್ಟಿ, ಅಲ್ಲಿಂದ ಕೆಳಗಿನ ಸಾಲಿನ ಫ್ಲಶ್ಶಿಗೂ ತೋಟಕ್ಕೂ ಪೈಪು ಇಳಿಸಿದೆವು. ಕುಡಿಯಲು ಬಾವಿ ನೀರೇ.

ಆಗಸ್ಟ್

ಮಳೆ ಹಿಡಿದ ಮೇಲೆ ಸೋಲಾರ್ ನೀರು ಬೆಚ್ಚಗಾಗುವುದು ಅಪರೂಪ. ಹಾಗಾಗಿ ಗೀಸರ್ ತೆಗೆಯದೆ ಇದ್ದದ್ದು ಒಳ್ಳೆಯದಾಯಿತು. ಸುರಂಗದ ತೊಟ್ಟಿ ದಿನಕ್ಕೆರಡು ಸಲ ತುಂಬಿ ಹರಿಯುತ್ತಿದೆ. ಪಂಪು ಈಗ ಬೆಳಗ್ಗೆ ಒಮ್ಮೆ ಮಾತ್ರ. ಪ್ಯಾನೆಲ್ ಮಾತು ದೊಡ್ಡಪ್ಪ ಮತ್ತೆ ಎತ್ತಿದ್ದಾರೆ. ಒಂದು ವರ್ಷದ ರೀಡಿಂಗ್ ಕೈಗೆ ಬರಲಿ, ಎಷ್ಟು ದೊಡ್ಡದು ಬೇಕು ಅಂತ ಆಗ ನೋಡುವ ಅಂದಿದ್ದೇನೆ.

ನಿನ್ನೆ ಮತ್ತೊಮ್ಮೆ ಅರಿಶಿನ ಹಾಕಿ ನೋಡಿದೆ. ಐದನೇ ಕೋಣೆಯಲ್ಲಿ ಹಳದಿ ಗೆರೆ. ನಾಳೆ ಪೇಟೆಗೆ ಹೋದಾಗ ವಾಷರ್ ತರಬೇಕು, ಎರಡು ಜಾಸ್ತಿಯೇ ಇರಲಿ.