ಕ್ಯಾಬಿನೆಟ್ ಪೌಡರ್ ಕೋಟಿಂಗ್: ಥ್ರೆಡ್ ಉಳಿಸಿಕೊಳ್ಳುವ ಹಂತ

ಕಂಪ್ಯೂಟರ್ ಕ್ಯಾಬಿನೆಟ್ ಈಗ ಪೂರ್ತಿ ಬಿಚ್ಚಿಯಾಗಿದೆ. ಪಾಪ್ ರಿವೆಟ್‌ಗಳನ್ನು ಡ್ರಿಲ್‌ನಲ್ಲಿ ಕೊರೆದು ತೆಗೆದೆ. ಫ್ರೇಮ್, ಮದರ್‌ಬೋರ್ಡ್ ಟ್ರೇ, ಡ್ರೈವ್ ಕೇಜ್ ಎಲ್ಲ ಬೇರೆ ಬೇರೆ ಕೂತಿವೆ. ಪೌಡರ್ ಕೋಟಿಂಗ್‌ಗೆ (ಬಣ್ಣದ ಪುಡಿ ಸಿಂಪಡಿಸಿ ಓವನ್‌ನಲ್ಲಿ ಕರಗಿಸಿ ಗಟ್ಟಿ ಮಾಡುವುದು) ಕೊಡುವ ಮುಂಚೆ ಥ್ರೆಡ್ (ಸ್ಕ್ರೂ ಹಿಡಿಯುವ ಸುರುಳಿ ಗೀರು) ಇರುವ ತೂತುಗಳನ್ನು ಮುಚ್ಚಬೇಕು. ಈ ಸಲದ ಟಿಪ್ಪಣಿ ಪೂರ್ತಿ ಅದರ ಬಗ್ಗೆಯೇ.

"ಸುಮ್ನೆ ಕೋಟಿಂಗ್ ಮಾಡಿಸಿ, ಆಮೇಲೆ ಟ್ಯಾಪ್ ಹಾಕಿದರಾಯಿತು" ಅನ್ನುವವರು ಜಾಸ್ತಿ (ಟ್ಯಾಪ್ ಅಂದರೆ ತೂತಿನೊಳಗೆ ಥ್ರೆಡ್ ಕೊರೆಯುವ ಉಪಕರಣ). ದಪ್ಪ ಕಬ್ಬಿಣದ ತುಂಡಿಗೆ ಆ ಮಾತು ಸರಿ. ಕ್ಯಾಬಿನೆಟ್ ತಗಡಿಗೆ ಅದು ಒಗ್ಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಟ್ರೇಯ ತಗಡು ಒಂದು ಮಿ.ಮೀ. ಆಸುಪಾಸು. ತೂತಿನ ಅಂಚನ್ನು ಒಳಕ್ಕೆ ಒತ್ತಿ ಥ್ರೆಡ್ ಹಾಕಿರುತ್ತಾರೆ, ಹಾಗಾಗಿ ಸಿಗುವುದೇ ಎರಡು ಮೂರು ಸುತ್ತು. ಟ್ಯಾಪ್ ಸ್ವಲ್ಪ ಓರೆಯಾಗಿ ಇಳಿದರೂ ಆ ಸುತ್ತುಗಳು ಕಿತ್ತು ಹೋಗುತ್ತವೆ.

ಪೌಡರ್ ಪದರ ಸಾಮಾನ್ಯವಾಗಿ 60ರಿಂದ 100 ಮೈಕ್ರಾನ್ ಇರುತ್ತದೆ. ಕೇಳಲು ಏನೂ ಅಲ್ಲ ಅನ್ನಿಸುತ್ತದೆ, ಅಲ್ವಾ? ಆದರೆ ಥ್ರೆಡ್ಡಿನ ಕೋನ 60 ಡಿಗ್ರಿ. ಅದರ ಇಳಿಜಾರುಗಳ ಮೇಲೆ ಪದರ ಕೂತರೆ ಪಿಚ್ ವ್ಯಾಸ (ಥ್ರೆಡ್ಡಿನ ನಡು ಎತ್ತರದಲ್ಲಿ ಅಳೆಯುವ ವ್ಯಾಸ) ಪದರದ ದಪ್ಪದ ನಾಲ್ಕು ಪಟ್ಟು ಕಿರಿದಾಗುತ್ತದೆ. 80 ಮೈಕ್ರಾನ್ ಅಂದರೆ 0.32 ಮಿ.ಮೀ. ಎಂ3 (3 ಮಿ.ಮೀ. ವ್ಯಾಸದ) ಸ್ಕ್ರೂಗೂ ತೂತಿಗೂ ನಡುವೆ ಇರುವ ಸಡಿಲ ಅದಕ್ಕಿಂತ ತುಂಬಾ ಕಡಿಮೆ. ಸ್ಕ್ರೂ ಒಳಗೆ ಹೋಗುವ ಮಾತೇ ಇಲ್ಲ.

ಎಲ್ಲ ತೂತಿಗೂ ಪ್ಲಗ್ ಬೇಕಿಲ್ಲ. ಪಿಎಸ್‌ಯು (ಕಂಪ್ಯೂಟರಿಗೆ ಕರೆಂಟ್ ಕೊಡುವ ಪವರ್ ಸಪ್ಲೈ) ಮತ್ತು ಹಾರ್ಡ್ ಡಿಸ್ಕ್ ಕೂರಿಸುವ ಕಡೆ ತಗಡಿನಲ್ಲಿ ಬರೀ ತೂತು, ಥ್ರೆಡ್ ಇರುವುದು ಪಿಎಸ್‌ಯು ಮತ್ತು ಡಿಸ್ಕ್ ಒಳಗೆ. ಮುಚ್ಚಬೇಕಾದವು ಸ್ಟ್ಯಾಂಡಾಫ್ (ಮದರ್‌ಬೋರ್ಡನ್ನು ಟ್ರೇಯಿಂದ ಎತ್ತಿ ಹಿಡಿಯುವ ಲೋಹದ ಪುಟ್ಟ ಕಂಬ) ತೂತುಗಳು, ಹಿಂದಿನ ಕಾರ್ಡ್ ಸ್ಲಾಟ್‌ಗಳು, ಪಕ್ಕದ ಪ್ಯಾನೆಲ್ ಹಿಡಿಯುವ ಥಂಬ್ ಸ್ಕ್ರೂ ತೂತುಗಳು. ಬಿಚ್ಚುವಾಗಲೇ ಯಾವುದು 6-32 (ಇಂಚು ಅಳತೆಯ ಥ್ರೆಡ್), ಯಾವುದು ಎಂ3 ಎಂದು ಸರಿಯಾದ ಸ್ಕ್ರೂ ಹಾಕಿ ನೋಡಿ ಗುರುತು ಮಾಡಿಕೊಂಡೆ. ಕಣ್ಣಿಗೆ ಎರಡೂ ಒಂದೇ ತರಹ ಕಾಣುತ್ತವೆ. ಪಿಚ್ (ಸುತ್ತಿನಿಂದ ಸುತ್ತಿಗೆ ಇರುವ ಅಂತರ) ಮಾತ್ರ ಕ್ರಮವಾಗಿ 0.79 ಮತ್ತು 0.5 ಮಿ.ಮೀ.

ಹಳೇ ಬಣ್ಣ ತೆಗೆಯಲು ಬ್ಲಾಸ್ಟಿಂಗ್ (ಗಡಸು ಕಣಗಳನ್ನು ಗಾಳಿಯ ಒತ್ತಡದಲ್ಲಿ ಎರಚುವುದು) ಮಾಡುವಾಗ ತೂತುಗಳಲ್ಲಿ ಹಳೇ ಸ್ಕ್ರೂ ಹಾಕಿ ಕೊಟ್ಟೆ. ಬ್ಲಾಸ್ಟಿಂಗ್ ಕಣಗಳು ಥ್ರೆಡ್ಡಿನ ತುದಿಯನ್ನು ಸವೆಸುತ್ತವೆ. ಕೋಟಿಂಗ್‌ಗೆ ಮಾತ್ರ ಸ್ಕ್ರೂ ಬೇಡ. ಪುಡಿ ಕರಗಿ ಸ್ಕ್ರೂ ತಲೆಯನ್ನೂ ತಗಡನ್ನೂ ಸೇರಿಸಿ ಅಂಟಿಸುತ್ತದೆ, ಬಿಚ್ಚುವಾಗ ಸುತ್ತಲಿನ ಪದರ ಚಕ್ಕೆ ಏಳುತ್ತದೆ. ಅದಕ್ಕೇ ಮೊನಚಾದ ಸಿಲಿಕೋನ್ ಪ್ಲಗ್. ಓವನ್‌ನಲ್ಲಿ ಪೌಡರ್ ಗಟ್ಟಿಯಾಗುವುದು ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಸಿಲಿಕೋನ್ ಅದನ್ನು ಆರಾಮಾಗಿ ತಡೆಯುತ್ತದೆ. ಸಾಮಾನ್ಯ ಕಾಗದದ ಮಾಸ್ಕಿಂಗ್ ಟೇಪ್ ತಡೆಯುವುದಿಲ್ಲ, ಅದರ ಅಂಟು ಸುಟ್ಟು ತಗಡಿಗೆ ಹಿಡಿದುಕೊಳ್ಳುತ್ತದೆ.

ಪ್ಲಗ್ ಹಾಕುವ ಮುಂಚೆ ಪ್ರತಿ ತೂತನ್ನೂ ಸಾಲ್ವೆಂಟ್‌ನಲ್ಲಿ ತೊಳೆದೆ. ಥ್ರೆಡ್ಡಿನಲ್ಲಿ ಎಣ್ಣೆ ಉಳಿದರೆ ಬಿಸಿಗೆ ಹೊರಗೆ ಬಂದು ತೂತಿನ ಬಾಯಲ್ಲಿ ಗುಳ್ಳೆ ಏಳಿಸುತ್ತದೆ. ಪ್ಲಗ್ಗನ್ನು ಕೈಗೆ ಬಿಗಿ ಸಿಗುವವರೆಗೆ ಒತ್ತಿದರೆ ಸಾಕು. ಆಚೆ ಬದಿ ಮುಚ್ಚಿರುವ ತೂತಾದರೆ ಇನ್ನೂ ಜೋಪಾನ. ಒಳಗೆ ಸಿಕ್ಕಿದ ಗಾಳಿ ಓವನ್ನಿನ ಬಿಸಿಗೆ ಒಂದೂವರೆ ಪಟ್ಟು ಹಿಗ್ಗುತ್ತದೆ, ಪ್ಲಗ್ ಎಗರಿ ಬೀಳಬಹುದು. ಅಂಥ ಕಡೆಗೆ ನಡುವೆ ಟೊಳ್ಳಿರುವ ಪ್ಲಗ್ ಇಟ್ಟುಕೊಂಡಿದ್ದೇನೆ.

ಸ್ಟ್ಯಾಂಡಾಫ್ ಕೂರುವ ಜಾಗದಲ್ಲಿ ತೂತಿನ ಸುತ್ತ ಒಂದು ಸಣ್ಣ ವೃತ್ತದಷ್ಟು ಜಾಗವನ್ನೂ ಬರಿದಾಗಿ ಬಿಡಿಸುತ್ತಿದ್ದೇನೆ. ಇದು ಅಂದಕ್ಕಲ್ಲ. ಪೌಡರ್ ಪದರ ಕರೆಂಟ್ ಹರಿಯಲು ಬಿಡುವುದಿಲ್ಲ. ಕ್ಯಾಬಿನೆಟ್ಟಿಗೆ ಅರ್ಥಿಂಗ್ ಸಿಗುವುದು ಪಿಎಸ್‌ಯು ಮೂಲಕ, ಹಾಗಾಗಿ ಪಿಎಸ್‌ಯು ಸ್ಕ್ರೂ ತಲೆ ಕೂರುವ ಕಡೆಯೂ ಹೀಗೇ. ಅಲ್ಲಿ ಪಾಲಿಇಮೈಡ್ ಟೇಪನ್ನು (ಓವನ್ನಿನ ಬಿಸಿ ತಡೆಯುವ ಟೇಪ್) ಗುಂಡಗೆ ಕತ್ತರಿಸಿ ಅಂಟಿಸಿದೆ. ಆ ಜಾಗ ಸ್ಕ್ರೂ ತಲೆಯ ಕೆಳಗೇ ಮುಚ್ಚಿಹೋಗುತ್ತದೆ.

ಟ್ರೇ ಮತ್ತು ಹಿಂದಿನ ಭಾಗ ಮುಗಿದಿವೆ, ಡ್ರೈವ್ ಕೇಜ್ ಬಾಕಿ. ಓವನ್ನಿನಿಂದ ಬಂದ ಮೇಲೆ ತಗಡು ಇನ್ನೂ ಬೆಚ್ಚಗಿರುವಾಗಲೇ ಪ್ಲಗ್ ಕೀಳಲು ಹೇಳಿದ್ದೇನೆ, ಆಗ ಅಂಚು ನೀಟಾಗಿ ಬಿಡುತ್ತದೆ. ವಾಪಸ್ ಬಂದ ಕೂಡಲೇ ಮೊದಲು ಪ್ರತಿ ತೂತಿಗೂ ಕೈಯಲ್ಲೇ ಸ್ಕ್ರೂ ತಿರುಗಿಸಿ ನೋಡುವುದು. ರಿವೆಟ್ ಹೊಡೆಯುವುದು ಅದಾದ ನಂತರವೇ. ರಿವೆಟ್ ಹೊಡೆಯುವುದು ಅದಾದ ನಂತರವೇ.